ಕಸಿಲ್ಡಾ ಗಣಿಗಿಳಿದದ್ದು

ಪೊಟೊಸಿಯ ಬೆಟ್ಟದೊಳಗೆ ಮೂವತ್ತು ವರ್ಷ ಬೆಳ್ಳಿ ಅಗೆದ ಗುಮೆರ್ಸಿಂಡೊ, ಎದೆ ಗೊರಗೊರ ಅನ್ನತೊಡಗಿದ ಮೇಲೆ, ಇನ್ನು ಗಣಿಯ ಕಡೆ ತಲೆಹಾಕಿಯೂ ಮಲಗುವುದಿಲ್ಲ ಎಂದು ಹೆಂಡತಿ ಕಸಿಲ್ಡಾಗೆ ಮಾತು ಕೊಟ್ಟಿದ್ದ. ರಜೆಗೆ ಬಂದಿದ್ದ ಮೊಮ್ಮಗಳು ಡನಿಟ್ಸಾ ಹೊರಡುವಾಗ ತನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದು ಆಟ ಹಾಕಿಕೊಟ್ಟು ಹೋದಳು. ಮುದುಕ ಮತ್ತೆ ಗಣಿಗಿಳಿದ.

ಆ ಆಟದಲ್ಲಿ ಭೂಮಿಯನ್ನು ಈರುಳ್ಳಿಯ ಹಾಗೆ ನಡುವೆ ಹೆಚ್ಚಿ ಇಟ್ಟಿದ್ದಾರೆ. ಮೇಲೆ ಮರ, ಗುಡಿಸಲು. ಕೆಳಗೆ ಮಣ್ಣು, ಕಲ್ಲು, ಅದಿರು. ಪಿಕಾಸಿ ಹಿಡಿದ ಒಬ್ಬ ಪುಟ್ಟ ಮನುಷ್ಯ. ಎಲ್ಲಿ ಬೇಕಾದರೂ ಅಗೆಯಬಹುದು, ಏನು ಬೇಕಾದರೂ ಕಟ್ಟಬಹುದು, ಯಾಕೆ ಎಂದು ಗದರುವ ಮೇಸ್ತ್ರಿಯಿಲ್ಲ. ಊಟ ಮುಗಿಸಿ ಕೂತ ಮುದುಕನಿಗೆ ಸಂಜೆಯಾದದ್ದೇ ತಿಳಿಯುತ್ತಿರಲಿಲ್ಲ. ಪ್ರತಿ ಸುರಂಗಕ್ಕೂ ಮರದ ಆಸರೆ ಕೊಡುತ್ತಿದ್ದ. ಇಲ್ಲಿ ಚಾವಣಿ ಕುಸಿಯುವುದಿಲ್ಲ ತಾತ ಎಂದು ಡನಿಟ್ಸಾ ಫೋನಿನಲ್ಲಿ ಹೇಳಿ ಹೇಳಿ ಸೋತಳು. ನೆಲದಡಿಯ ಗಣಿದೈವ ಟಿಯೋಗೆ ಕಾಣಿಕೆಯೆಂದು ಕೀಬೋರ್ಡಿನ ಪಕ್ಕ ಸಿಗರೇಟು, ಒಂದಿಷ್ಟು ಕೋಕಾ ಎಲೆ ಬೇರೆ.

ಕಸಿಲ್ಡಾಗೆ ಇದೆಲ್ಲ ನಗು ತರಿಸುತ್ತಿತ್ತು, ಒಂದನ್ನು ಬಿಟ್ಟು. ಅವಳು ಪಕ್ಕದಲ್ಲಿ ಬಂದು ಕೂತರೆ ಅವನು ಲ್ಯಾಪ್‌ಟಾಪ್ ಮುಚ್ಚಿಬಿಡುತ್ತಿದ್ದ. ಹೆಂಗಸು ಒಳಗೆ ಕಾಲಿಟ್ಟರೆ ಬೆಳ್ಳಿ ಮಾಯವಾಗುತ್ತದೆ ಎಂಬುದು ಬೆಟ್ಟದವರ ನಂಬಿಕೆ. ಇಷ್ಟು ವರ್ಷ ಗಣಿಯ ಬಾಯಿಯವರೆಗೆ ಬುತ್ತಿ ಹೊತ್ತವಳು, ಗಂಡ ದುಡಿಯುವ ಜಾಗ ಹೇಗಿದೆಯೆಂದು ಒಂದು ಸಲವೂ ನೋಡಿರಲಿಲ್ಲ. ಈಗಲಾದರೂ ನೋಡಬೇಕೆಂಬ ಆಸೆ ಅವಳದು. ಪರದೆಯ ಮುಂದೆಯೂ ತನ್ನನ್ನು ಹೊರಗೇ ನಿಲ್ಲಿಸಿದ್ದು ಅವಳಿಗೆ ನಿಜಕ್ಕೂ ನೋವು ತಂದಿತ್ತು.

ಒಂದು ಭಾನುವಾರ ಕಡಲೆಕಾಯಿ ಸಾರು ಘಮಘಮ ಅನ್ನುತ್ತಿತ್ತು. ಅವಳು ಬಡಿಸದೆ ಎದುರಿಗೆ ಬಂದು ನಿಂತಳು.

"ಇವತ್ತು ನಾನೂ ಇಳೀತೀನಿ."

"ಬೇಡ ಮುದುಕಿ. ನೀನು ಬಂದ್ರೆ ಬೆಳ್ಳಿ ಓಡಿಹೋಗತ್ತೆ."

"ಮೂವತ್ತು ವರ್ಷ ನಾನು ಬರ್ಲೇ ಇಲ್ವಲ್ಲ, ಆಗ ಎಷ್ಟು ಬೆಳ್ಳಿ ತಂದು ಸುರಿದೆ ಮನೆಗೆ?"

ಮುದುಕ ಒಲೆಯ ಕಡೆ ಒಮ್ಮೆ ನೋಡಿದ. ಟಿಯೋಗೆ ಇನ್ನೊಂದು ಸಿಗರೇಟು ಇಟ್ಟು ಕುರ್ಚಿ ಬಿಟ್ಟುಕೊಟ್ಟ.

ಕಸಿಲ್ಡಾ ಹೆಜ್ಜೆಗೊಂದು ಪಂಜು ನೆಡುತ್ತಾ ಇಳಿದಳು. ಇದೇನು ಮದುವೆ ಮನೆಯೇ ಎಂದು ಅವನು ಗೊಣಗಿದ. ನೀನು ಕತ್ತಲೆಯಲ್ಲಿ ಸವೆದದ್ದು ಸಾಕು ಎಂದು ಅವಳು ತಿರುಗಿಸಿಕೊಟ್ಟಳು. ಮಾತಿನ ಭರದಲ್ಲಿ ಅಂಚು ಕಾಣಲಿಲ್ಲ. ಪುಟ್ಟ ಮನುಷ್ಯ ಜಾರಿ ಆಳದ ಹೊಂಡಕ್ಕೆ ಬಿದ್ದು ಚೂರುಚೂರಾದ. ಕಸಿಲ್ಡಾ ಗಂಡನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಸ್ವಲ್ಪ ಹೊತ್ತಿಗೆ ಆ ಮನುಷ್ಯ ತನ್ನ ಗುಡಿಸಲಿನಲ್ಲಿ, ಹಾಸಿಗೆಯ ಪಕ್ಕ ನಿಂತಿದ್ದ. ಮೈಮೇಲೆ ಒಂದು ಗೀರೂ ಇರಲಿಲ್ಲ.

"ಬಂದುಬಿಟ್ನಾ?" ಎಂದಳು.

"ಇಲ್ಲಿ ಬಿದ್ದೋರೆಲ್ಲ ಮನೆಗೇ ಬರ್ತಾರೆ. ಅದಕ್ಕೇ ಕಣೇ ನಾನು ಆಡೋದು."

ಸಾರು ಆರುತ್ತಿದೆ ಎಂದು ಅವನು ಎರಡು ಸಲ ನೆನಪಿಸಿದ. ಅವಳು ಕೇಳಿಸಿಕೊಳ್ಳದೆ ಆ ಪುಟ್ಟ ಮನುಷ್ಯನನ್ನು ಮತ್ತೆ ಹೊಂಡದ ಅಂಚಿಗೆ ನಡೆಸಿಕೊಂಡು ಹೋದಳು. ಬೇಕೆಂದೇ ಕೆಳಗೆ ಬೀಳಿಸಿ, ಅವನು ಮನೆಗೆ ಬರುವುದನ್ನು ನೋಡುತ್ತಾ ಕೂತಳು.