ಅಮಾವಾಸ್ಯೆಯ ದಿನದ ನಾನೂರು ಅಡಿ

ಜೀಪು ನೇಕಾರರ ಬೀದಿಗೆ ತಿರುಗಿದಾಗಲೇ ಫರ್ಜಾನಾಗೆ ಏನೋ ಸರಿಯಿಲ್ಲ ಅನ್ನಿಸಿತು. ಮೂರು ವಾರದ ಹಿಂದೆ ಮೊಳಕಾಲ್ಮೂರಿಗೆ ಬಂದಾಗ ಈ ಬೀದಿಯಲ್ಲಿ ದನಿ ಎತ್ತರಿಸದೆ ಮಾತನಾಡುವಂತಿರಲಿಲ್ಲ. ಎರಡೂ ಕಡೆಯ ಮನೆಗಳಿಂದ ಮಗ್ಗದ ಸದ್ದು ಒಂದರ ಮೇಲೊಂದು ಬೀಳುತ್ತಿತ್ತು. ಇವತ್ತು ಜೀಪಿನ ಎಂಜಿನ್ ನಿಂತ ಮೇಲೆ ಯಾರದೋ ಹಿತ್ತಲಲ್ಲಿ ಕೊಡ ಬೆಳಗುವುದು ಕೂಡ ಸ್ಪಷ್ಟವಾಗಿ ಕೇಳಿಸಿತು.

ಹಿಂದಿನ ಸೀಟಿನಲ್ಲಿ ಕ್ಯಾಮೆರಾ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಚಿಕ್ಕಬಸಪ್ಪ, "ಇದೇನಮ್ಮ ಬೀದಿ?" ಎಂದ. ಆತ ಕಾಲೇಜಿನ ಕ್ಯಾಮೆರಾ ಸಹಾಯಕ. ಕ್ಯಾಮೆರಾ ಎಲ್ಲಿಗೆ ಹೋದರೂ ಅದರ ಜೊತೆ ಹೋಗುವವನು, ಸಂಜೆಗೆ ಅದರ ಜೊತೆ ಹೊರಡುವವನು.

"ಇದೇ," ಎಂದಳು.

ಬೆಂಗಳೂರಿನ ಆಚೆಗಿದ್ದ ಆ ಸಿನಿಮಾ ಡಿಪ್ಲೊಮಾ ಕಾಲೇಜಿನಲ್ಲಿ ಛಾಯಾಗ್ರಹಣ ವಿಭಾಗದ ಹದಿನಾಲ್ಕು ಜನರಲ್ಲಿ ಅವಳೊಬ್ಬಳೇ ಹುಡುಗಿ. ಮೂರನೆಯ ವರ್ಷದ ಕೊನೆಯ ಪರೀಕ್ಷೆಗೆ ಒಬ್ಬೊಬ್ಬರಿಗೂ ನಾನೂರು ಅಡಿ ಫಿಲ್ಮ್, ಒಂದು ಹಗಲಿನ ಮಟ್ಟಿಗೆ ಕ್ಯಾಮೆರಾ. ನಾನೂರು ಅಡಿ ಅಂದರೆ ನಾಲ್ಕೂವರೆ ನಿಮಿಷ. ಮೊದಲೇ ಬರೆದುಕೊಟ್ಟು ಒಪ್ಪಿಗೆ ಪಡೆದದ್ದನ್ನೇ ತೆಗೆಯಬೇಕು, ಬೇರೆಯದನ್ನು ತೆಗೆದರೆ ಅಂಕವಿಲ್ಲ. ಕೆಟ್ಟರೆ ಇನ್ನೊಂದು ಸುರುಳಿ ಕೊಡುವುದಿಲ್ಲ. ಅವಳು ಬರೆದುಕೊಟ್ಟದ್ದು ಇಷ್ಟು: ಒಬ್ಬ ನೇಕಾರ ಸೀರೆಯ ಕೊನೆಯ ಗೇಣನ್ನು ನೇಯುತ್ತಾನೆ, ಸೀರೆಯನ್ನು ಮಗ್ಗದಿಂದ ಕತ್ತರಿಸುತ್ತಾನೆ, ದಿನವಿಡೀ ಮಗ್ಗದ ಗುಂಡಿಯಲ್ಲಿ ಇಳಿಬಿಟ್ಟಿದ್ದ ಕಾಲನ್ನು ಮೇಲೆತ್ತಿಕೊಂಡು ಏಳುತ್ತಾನೆ. ಪ್ರಾಧ್ಯಾಪಕರು ಓದಿ, "ಇದು ಕೈಗೆ ಸಿಕ್ಕರೆ ನೀನು ಪಾಸಾದ ಹಾಗೆ," ಅಂದಿದ್ದರು. ಡಿಪ್ಲೊಮಾ ಕೈಗೆ ಬಂದರೆ ಬೆಂಗಳೂರಿನ ಒಂದು ಸ್ಟುಡಿಯೊದಲ್ಲಿ ಒಂದು ವರ್ಷದ ಕೆಲಸ ಕಲಿಕೆಯೂ ಕಾದಿತ್ತು.

ಚಳ್ಳಕೆರೆಯ ಎಣ್ಣೆ ಗಿರಣಿಗಳ ಮೆಕ್ಯಾನಿಕ್ ಆಗಿದ್ದ ಅವಳ ತಂದೆ ಬಾಬು ಸಾಬ್ ಹೇಳಿದ್ದು ಬೇರೆ. "ಈ ಜೂನ್ ತನಕ ನಿನ್ನ ಮಾತು ನಡೆದೈತೆ. ಆಮೇಲೆ ನನ್ನ ಮಾತು." ಹಿರಿಯೂರಿನ ಗಂಡಿನ ಕಡೆಯವರು ಎರಡು ಸಲ ಹೇಳಿಕಳಿಸಿದ್ದರು. ಸರ್ಟಿಫಿಕೇಟು, ಕೆಲಸ ಎರಡೂ ಇದ್ದರೆ ಅಬ್ಬಾ ಇನ್ನೊಂದು ವರ್ಷ ತಡೆದಾರು ಎಂದು ತಾಯಿ ಸಕೀನಾ ಬೀ ಪಿಸುಗುಟ್ಟಿದ್ದಳು. ಬರಿಗೈಲಿ ಬಂದರೆ ತಾನೇನೂ ಮಾಡಲಾರೆ ಎಂದೂ ಹೇಳಿದ್ದಳು.

ನೇಕಾರ ಕಾಮಣ್ಣ ತನ್ನ ಮನೆಯ ಬಾಗಿಲಲ್ಲೇ ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಒದ್ದೆ ಕೂದಲು, ಹಣೆಯಲ್ಲಿ ಹೊಸದಾಗಿ ಇಟ್ಟ ಕುಂಕುಮ.

"ಬರ್ರಿ ಬರ್ರಿ. ಬೆಳಗ್ಗಿಂದ ದಾರಿ ನೋಡ್ತಾ ಇದ್ವಿ."

ಒಳಗೆ ಕಾಲಿಟ್ಟವಳು ಹೊಸ್ತಿಲಲ್ಲೇ ನಿಂತಳು. ಮಗ್ಗ ಖಾಲಿಯಾಗಿತ್ತು. ಗುಂಡಿಯ ಮೇಲೆ ಹಲಗೆ ಮುಚ್ಚಿ, ಮೂರು ಬೆರಳಲ್ಲಿ ವಿಭೂತಿ ಎಳೆದು, ಒಂದು ದಾಸವಾಳ ಇಟ್ಟಿದ್ದರು. ಎದುರು ಗೋಡೆಗೆ ಕಟ್ಟಿದ್ದ ಹಗ್ಗದ ಮೇಲೆ ಸೀರೆ ಹರಡಿತ್ತು. ಬದನೆ ಬಣ್ಣದ ಒಡಲು, ಸಾಸಿವೆ ಹಳದಿಯ ಅಂಚು. ಒಂದು ಸುಕ್ಕೂ ಇರಲಿಲ್ಲ.

"ನಿನ್ನೆ ರಾತ್ರಿ ಮುಗಿಸ್ದೆ. ಎರಡು ದಿನ ಕಣ್ಣು ಮುಚ್ಚಿಲ್ಲ ನೋಡ್ರಿ," ಎಂದು ಕಾಮಣ್ಣ ನಕ್ಕ. "ಇವತ್ತು ಅಮಾಸೆ. ಮಗ್ಗಕ್ಕೆ ಕೂರಂಗಿಲ್ಲ. ನೀವು ಸೋಮವಾರಾನೇ ಬರ್ತೀನಿ ಅಂತ ಕಾರ್ಡು ಬರೆದಿದ್ರಿ. ಅಷ್ಟು ದೂರದಿಂದ ಬರೋರಿಗೆ ಬರಬ್ಯಾಡ್ರಿ ಅನ್ನೋಕಾಗ್ತದಾ? ಬಂದೋರು ಅರ್ಧ ಸೀರೆ ನೋಡ್ಕೊಂಡು ಹೋಗಬಾರ್ದು ಅಂತ ಪೂರ್ತಿ ಮಾಡಿಟ್ಟೆ."

ಫರ್ಜಾನಾ ಸೀರೆಯನ್ನೇ ನೋಡುತ್ತಾ ನಿಂತಳು. ನಿನ್ನೆ ಅಬ್ಬಾ ಹೇಳಿದ್ದರು. ಊಟದ ತಟ್ಟೆಯ ಮುಂದೆ, ಅವಳ ಮುಖ ನೋಡಿಯೇ ಹೇಳಿದ್ದರು: "ನಾಳೆ ಅಮಾಸೆ, ಗಿರಣಿಗಳೆಲ್ಲ ನಿಂತಿರ್ತವೆ. ನನಗೆ ಮಿಷನ್ ಬಿಚ್ಚೋ ದಿನ. ನಿಮ್ಮಣ್ಣ ಅಸ್ಲಂನ ಕರ್ಕೊಂಡು ಹೋಗು." ಅವಳು ಹುಟ್ಟಿದಾಗಿನಿಂದ ಅವರ ಮನೆಯಲ್ಲಿ ಅಮಾವಾಸ್ಯೆಗೆ ಇದ್ದದ್ದು ಅದೊಂದೇ ಅರ್ಥ. ಅಬ್ಬಾ ಬೆಳಗಿನ ಜಾವಕ್ಕೇ ನಟ್ಟು ಬಿಚ್ಚುವ ಪಾನಾಗಳ ಚೀಲ ಹಿಡಿದು ಹೋಗುವ ದಿನ, ಗ್ರೀಸ್ ಮೆತ್ತಿದ ಬಟ್ಟೆಯಲ್ಲಿ ಬರುವ ದಿನ. ಊರ ಯಂತ್ರಗಳೆಲ್ಲ ಯಾಕೆ ಅವತ್ತೇ ನಿಲ್ಲುತ್ತವೆ ಎಂದು ಅವಳು ಒಮ್ಮೆಯೂ ಯೋಚಿಸಿರಲಿಲ್ಲ. ಬೆಳಕಿನ ಲೆಕ್ಕ ಹಾಕಿದ್ದಳು. ಕಿಟಕಿಯಿಂದ ಗುಂಡಿಯೊಳಕ್ಕೆ ಬಿಸಿಲು ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ಗಡಿಯಾರ ಹಿಡಿದು ಬರೆದುಕೊಂಡಿದ್ದಳು. ತಿಥಿ ಮಾತ್ರ ಕೇಳಿರಲಿಲ್ಲ.

"ಯಾಕ್ರಮ್ಮ, ಸಪ್ಪಗಾದ್ರಿ? ಬಣ್ಣ ಸರಿಯಿಲ್ವಾ?"

"ಬಣ್ಣ ಚೆನ್ನಾಗಿದೆ ಅಣ್ಣ. ನನಗೆ ನೀವು ನೇಯೋದು ಬೇಕಿತ್ತು. ಕತ್ತರಿಸೋದು."

ಕಾಮಣ್ಣನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ನೇಯೋದಾ? ದಿನಾ ನೇಯೋದೇ ಅಲ್ವಾ, ಅದರಲ್ಲೇನು ನೋಡೋದು?" ಎಂದವನು ಅವಳ ಮುಖ ನೋಡಿ ಮಾತು ನಿಲ್ಲಿಸಿದ. ನಕ್ಕ ಬಾಯಿ ಹಾಗೇ ಉಳಿದಿತ್ತು, ಕಣ್ಣು ಮಾತ್ರ ಖಾಲಿ ಮಗ್ಗದ ಕಡೆ ಹೋಯಿತು. "ನಾಳೆ ಮಾಡಿದ್ರೆ? ನನ್ನ ಮಗ್ಗಕ್ಕೆ ಹೊಸ ನೂಲು ಕೂಡಿಸೋಕೆ ಎಂಟು ದಿನ ಬೇಕು. ನಾಳೆಯಾದ್ರೆ ಪಕ್ಕದ ಮನೇಲಿ ನಮ್ಮ ತಮ್ಮ ಮಾರಣ್ಣನ ಮಗ್ಗ ಐತೆ."

ಫರ್ಜಾನಾ ಚಿಕ್ಕಬಸಪ್ಪನ ಕಡೆ ತಿರುಗಿದಳು. ಆತ ತಲೆಯಾಡಿಸಿದ. "ನಾಳೆ ಬೆಳಗ್ಗೆ ಆರಕ್ಕೆ ದಾವಣಗೆರೇಲಿ ಇರಬೇಕಮ್ಮ. ಇನ್ನೊಬ್ಬ ಹುಡುಗ ಕಾಯ್ತಾ ಇರ್ತಾನೆ. ಅವನದೂ ನಿನ್ನಂಗೇ ಒಂದೇ ದಿನ."

ಅಷ್ಟು ಹೊತ್ತಿಗೆ ಜೀಪಿನಿಂದ ಕ್ಯಾಮೆರಾ ಸ್ಟ್ಯಾಂಡನ್ನು ಹೆಗಲ ಮೇಲೆ ಹೊತ್ತು ಅವಳ ಅಣ್ಣ ಅಸ್ಲಂ ಒಳಗೆ ಬಂದ. ಅವನ ಹಿಂದೆಯೇ ಬೀದಿಯ ಹೆಂಗಸರು ಬಾಗಿಲಿಗೆ ಮುತ್ತಿದರು.

"ಹೀರೊ ಎಲ್ಲಿ?" ಎಂದಳು ಒಬ್ಬ ಮುದುಕಿ.

"ನಾನೇ ಅಜ್ಜಿ," ಎಂದ ಅಸ್ಲಂ.

"ಅದಕ್ಕೇ ಮತ್ತೆ ಜನ ಸೇರಿಲ್ಲ."

ಎಲ್ಲರೂ ನಕ್ಕರು. ಅಸ್ಲಂ ಕೂಡ ನಕ್ಕ. ಆಮೇಲೆ ತಂಗಿಯ ಮುಖ ನೋಡಿ, ವಿಷಯ ತಿಳಿದುಕೊಂಡು, ಉರ್ದುವಿನಲ್ಲಿ ಮೆಲ್ಲಗೆ ಹೇಳಿದ. ಹತ್ತು ನಿಮಿಷದ ಕೆಲಸ, ಪಕ್ಕದ ಮಗ್ಗದಲ್ಲಿ ಇವತ್ತೇ ನೇಯಲು ಕೇಳು. ಅವನು ಒಳ್ಳೆಯವನು, ಇಲ್ಲ ಅನ್ನುವುದಿಲ್ಲ.

ಅದೇ ಅವಳಿಗೆ ಭಯ. ಅವನು ಇಲ್ಲ ಅನ್ನುವುದಿಲ್ಲ.

ಅವಳು ಕೇಳುವ ಮೊದಲೇ ಕಾಮಣ್ಣ ಪಕ್ಕದ ಮನೆಗೆ ಹೋಗಿಬಂದ. ಬಂದವನ ಅಂಗಿಯ ತೋಳು ಆಗಲೇ ಮಡಚಿತ್ತು. "ಮಾರಣ್ಣನ ಮಗ್ಗದಲ್ಲಿ ಸೀರೆ ಮುಗಿಯೋಕೆ ಬಂದೈತೆ. ನೇಯೋ ಲಾಳಿ ದೇವರ ಮುಂದೆ ಇಟ್ಟವ್ರೆ. ಇವತ್ತು ಇಟ್ಟಿದ್ದು ನಾಳೆ ಬೆಳಗ್ಗೆ ತೆಗೆಯೋದು ನಮ್ಮಲ್ಲಿ." ಅವನು ನೆಲ ನೋಡಿದ. "ತಪ್ಪು ನಂದು. ನೀವು ತೆಗಿ ಅಂದ್ರೆ ತೆಗೀತೀನಿ."

ಅಡುಗೆಮನೆಯ ಬಾಗಿಲಲ್ಲಿ ಅವನ ಹೆಂಡತಿ ಮಂಜುಳಮ್ಮ ಚಹಾದ ಲೋಟಗಳ ತಟ್ಟೆ ಹಿಡಿದು ನಿಂತಿದ್ದಳು. ಅವಳು ಬೇಡ ಅನ್ನಲಿಲ್ಲ. ಗಂಡನಿಗೆ ಮನೆಮಾತಾದ ತೆಲುಗಿನಲ್ಲಿ ಒಂದೇ ಒಂದು ಮಾತು ಹೇಳಿದಳು. ಆಮೇಲೆ ತಟ್ಟೆಯನ್ನು ಯಾರಿಗೂ ಕೊಡದೆ ನೆಲದ ಮೇಲಿಟ್ಟಳು.

ಫರ್ಜಾನಾ ತನ್ನ ದುಪಟ್ಟಾ ಸರಿಮಾಡಿಕೊಂಡಳು. ಬಾಯಲ್ಲಿ ಬರಬೇಕಾಗಿದ್ದದ್ದು 'ತೆಗಿ' ಎಂಬ ಎರಡೇ ಅಕ್ಷರ. ಅವು ಬಂದರೆ ಅವಳ ಪರೀಕ್ಷೆ ಮುಗಿಯುತ್ತದೆ, ಜೂನ್ ಮುಗಿದ ಮೇಲೂ ಅವಳ ಮಾತು ಒಂದಷ್ಟು ದಿನ ನಡೆಯುತ್ತದೆ. ಆದರೆ ಇವತ್ತಿನ ನಂತರ ಈ ಬೀದಿಯಲ್ಲಿ ಒಂದು ಮಗುವಿಗೆ ಜ್ವರ ಬಂದರೆ, ಒಂದು ಸೀರೆಗೆ ಗಿರಾಕಿ ತಪ್ಪಿದರೆ, ಅಮಾಸೆ ದಿನ ಲಾಳಿ ಎತ್ತಿಸಿದವಳು ಯಾರು ಎಂದು ಕೇಳುತ್ತಾರೆ. ಸಾಬರ ಹುಡುಗಿ ಅನ್ನುತ್ತಾರೆ. ಆ ಮಾತು ಚಳ್ಳಕೆರೆ ಮುಟ್ಟಲು ಒಂದು ಬಸ್ಸು ಸಾಕು. ಅಬ್ಬಾ ಕೆಲಸ ಮಾಡುವ ಗಿರಣಿಗಳಿಗೂ ಹೋಗಿ ಮುಟ್ಟುತ್ತದೆ. ಅದಕ್ಕಿಂತ ಮೊದಲು ಈ ಮನೆಯಲ್ಲಿ ಮಂಜುಳಮ್ಮ ಇದನ್ನು ಒಬ್ಬಳೇ ಹೊರಬೇಕು.

"ಬೇಡ ಅಣ್ಣ," ಎಂದಳು.

ಕಾಮಣ್ಣ ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು. ಅದನ್ನು ಮುಚ್ಚಿಕೊಳ್ಳುವಂತೆ ಅವನು ತಕ್ಷಣ, "ಹಂಗಾದ್ರೆ ಸೀರೇನೇ ತೆಗೀರಿ. ನಾವೆಲ್ಲ ನಿಂತ್ಕೋತೀವಿ. ಬೀದಿಗೆಲ್ಲ ಹೇಳಿದ್ದೀನಿ," ಎಂದ. ಮಾತು ಮುಗಿಯುವುದರೊಳಗೆ ಹೆಂಗಸರು ಸೆರಗು ಸರಿಮಾಡಿಕೊಂಡರು. ಯಾರೋ ಮಕ್ಕಳಿಗೆ ಪೌಡರ್ ಹಚ್ಚಲು ಓಡಿದರು.

ಜೀಪಿನ ಬಳಿ ಚಿಕ್ಕಬಸಪ್ಪ ದನಿ ತಗ್ಗಿಸಿದ. "ಕೇಳಮ್ಮ. ಫಿಲ್ಮ್ ಹಾಕಬ್ಯಾಡ. ಖಾಲಿ ಕ್ಯಾಮೆರಾ ಓಡಿಸು. ಶೂಟಿಂಗ್ ನೋಡೋಕೆ ಬರೋರಿಗೆ ನಾವು ಎಲ್ಲಾ ಕಡೆ ಹಿಂಗೇ ಮಾಡೋದು, ಗರಗರ ಅಂದ್ರೆ ಸಾಕು ಅವರಿಗೆ. ಡಬ್ಬ ಸೀಲ್ ಒಡೀದೆ ವಾಪಸ್ ಕೊಡು. ಮುಂದಿನ ವರ್ಷ ಪರೀಕ್ಷೆಗೆ ಕೂತ್ಕೊಂಡ್ರಾಯ್ತು."

"ಮುಂದಿನ ವರ್ಷ," ಎಂದಳು ಫರ್ಜಾನಾ. ಅಸ್ಲಂ ಜೀಪಿನ ಇನ್ನೊಂದು ಬದಿಗೆ ಹೋಗಿ ಟೈರನ್ನು ಕಾಲಿನಿಂದ ಒತ್ತಿನೋಡುತ್ತಾ ನಿಂತ. ಅವನಿಗೆ ಹಿರಿಯೂರಿನವರ ವಿಷಯ ಗೊತ್ತಿತ್ತು.

ಅವಳು ಡಬ್ಬ ತೆಗೆದುಕೊಂಡಳು. ಬೆಳಕು ತೂರದ ಕಪ್ಪು ಚೀಲದೊಳಗೆ ಎರಡೂ ಕೈ ತೂರಿಸಿ, ಕಣ್ಣು ಮುಚ್ಚಿ, ಬೆರಳಿನಲ್ಲೇ ಅಂಚು ಹುಡುಕಿ ಸುರುಳಿಯನ್ನು ಕ್ಯಾಮೆರಾದ ಫಿಲ್ಮ್ ಪೆಟ್ಟಿಗೆಯಾದ ಮ್ಯಾಗಜಿನ್‌ಗೆ ಏರಿಸಿದಳು. ಮೂರು ವರ್ಷದಲ್ಲಿ ಚೆನ್ನಾಗಿ ಕಲಿತ ಕೆಲಸ. ಕೈ ಎಲ್ಲಿಯೂ ತಡವರಿಸಲಿಲ್ಲ. ಚಿಕ್ಕಬಸಪ್ಪ ಸ್ಟ್ಯಾಂಡಿನ ಕಾಲು ಬಿಡಿಸಿ ನಿಲ್ಲಿಸಿದ.

ಸೀರೆಯನ್ನು ಬೀದಿಗೆ ತಂದಿದ್ದರು. ಒಂದು ತುದಿ ಕಾಮಣ್ಣನ ಕೈಯಲ್ಲಿ, ಇನ್ನೊಂದು ಮಾರಣ್ಣನ ಕೈಯಲ್ಲಿ. ಹಿಂದೆ ಮಂಜುಳಮ್ಮ, ಮುದುಕಿ, ಬಿಳಿ ಮುಖದ ಮಕ್ಕಳು, ಇಡೀ ಬೀದಿ. ಕ್ಯಾಮೆರಾ ಕಂಡೊಡನೆ ಎಲ್ಲರೂ ಸ್ಟುಡಿಯೊದಲ್ಲಿ ಫೋಟೊಗೆ ನಿಂತಂತೆ ಸೆಟೆದು ನಿಂತರು.

"ಕೈಕಾಲು ಆಡಿಸಬಹುದು. ಇದು ಫೋಟೊ ಅಲ್ಲ," ಎಂದಳು ಫರ್ಜಾನಾ.

"ಅಲ್ಲಾಡಿದ್ರೆ ಕೆಡ್ತದೆ ಕಣ್ರಮ್ಮ, ಸುಮ್ನೆ ನಿಲ್ರಿ," ಎಂದು ಕಾಮಣ್ಣ ತುಟಿ ಅಲ್ಲಾಡಿಸದೆ ತನ್ನವರಿಗೆ ಹೇಳಿದ.

ಅವಳು ಬೆಳಕು ಅಳೆದಳು. ಫೋಕಸ್ ಹಿಡಿದಳು. ಗುಂಡಿ ಒತ್ತಿದಳು.

ಗರಗರ ಸದ್ದು ನಿಶ್ಶಬ್ದದ ಬೀದಿಯಲ್ಲಿ ದೊಡ್ಡದಾಗಿ ಕೇಳಿಸಿತು. ನೂರು ಅಡಿ. ಗಾಳಿಗೆ ಸೀರೆಯ ಹೊಟ್ಟೆ ಉಬ್ಬಿತು, ಅಣ್ಣತಮ್ಮಂದಿರು ಬಿಗಿಯಾಗಿ ಹಿಡಿದುಕೊಂಡರು. ಇನ್ನೂರು. ಎರಡು ರಾತ್ರಿ ನಿದ್ದೆಯಿಲ್ಲದ ಕಾಮಣ್ಣನ ರೆಪ್ಪೆಗಳು ಇಳಿಯುತ್ತಿದ್ದವು, ಅವನು ಎಳೆದೆಳೆದು ತೆರೆಯುತ್ತಿದ್ದ. ಮುನ್ನೂರು. ಇನ್ನು ಉಳಿದದ್ದನ್ನು ಓಡಿಸದೆ ನಿಲ್ಲಿಸಬೇಕೆಂದುಕೊಂಡಳು. ನಿಲ್ಲಿಸಿ ಮಾಡುವುದೇನಿತ್ತು? ಬೆರಳು ಅಲ್ಲೇ ಇತ್ತು.

ಸುರುಳಿಯ ತುದಿ ಕಳಚಿ ಒಳಗೆ ಪಟಪಟ ಬಡಿಯಿತು. ಅವಳು ಗುಂಡಿ ಬಿಟ್ಟಳು. ಸದ್ದು ನಿಂತಿತು.

ಯಾರೂ ಕದಲಲಿಲ್ಲ. ಅವರಿಗೆ ಮುಗಿದದ್ದು ತಿಳಿದಿರಲಿಲ್ಲ. ಕಾಮಣ್ಣ ಸೀರೆಯನ್ನು ಇನ್ನೊಂದಿಷ್ಟು ಎತ್ತರಕ್ಕೆ ಹಿಡಿದ. ಚಿಕ್ಕಬಸಪ್ಪ ಅವಳ ಕಡೆ ನೋಡಿದ. ಮುಗಿಯಿತು ಎಂದು ಹೇಳಬೇಕಾದವಳು ಅವಳೇ. ಫರ್ಜಾನಾ ಕಣ್ಣನ್ನು ಕ್ಯಾಮೆರಾದಿಂದ ತೆಗೆಯದೆ, ಅವರು ನಿಂತಷ್ಟೂ ಹೊತ್ತು, ಅವರನ್ನೇ ನೋಡುತ್ತಾ ನಿಂತಳು.