ಭಾವ ಬೆಳಗಿದ ನಾಣ್ಯಗಳು

ನಮ್ಮ ಭಾವನಂಥ ಮೂರ್ಖ ಹುಡುಕಿದರೂ ಸಿಗುವುದಿಲ್ಲ. ಪರಂಗಿಯವರು ಆಳುತ್ತಿದ್ದ ಕಾಲದ ತಾಮ್ರದ ನಾಣ್ಯಗಳನ್ನು ಇಪ್ಪತ್ತಾರು ವರ್ಷಗಳಿಂದ ಗುಡ್ಡೆ ಹಾಕಿಕೊಂಡು ಕೂತಿದ್ದಾರೆ. ಆಳಿದವರು ಗಂಟುಮೂಟೆ ಕಟ್ಟಿದರು, ಅವರ ಚಿಲ್ಲರೆ ಕಾಯುವ ಕೆಲಸ ಇವರ ಪಾಲಿಗೆ ಬಂತು.

ಆ ಮನೆಯಲ್ಲಿ ಕಿಟಕಿಯಿರುವುದು ಒಂದೇ ಕೋಣೆಗೆ. ಅದರ ತುಂಬ ನಾಣ್ಯದ ಪೆಟ್ಟಿಗೆಗಳು. ಬಟ್ಟೆ ಹೊಲಿದು ಸಂಸಾರ ತೂಗಿಸುವ ನಮ್ಮಕ್ಕ ಮೆಟ್ಟಿಲ ಕೆಳಗೆ ಹೊಲಿಗೆ ಯಂತ್ರ ಇಟ್ಟುಕೊಂಡು ಕಣ್ಣು ಹಾಳುಮಾಡಿಕೊಳ್ಳುತ್ತಿದ್ದಳು.

ಕಡೆಗೊಮ್ಮೆ ಮ್ಯೂಸಿಯಂನವರು ಕಾಗದ ಬರೆದರು. ಬಂದು ನೋಡುತ್ತೇವೆ, ಚೆನ್ನಾಗಿದ್ದರೆ ಎಲ್ಲವನ್ನೂ ಒಯ್ದು ಗೋಡೆಯ ಮೇಲೆ ನಿಮ್ಮ ಹೆಸರು ಹಾಕುತ್ತೇವೆ ಎಂದು. ಹೆಸರು ಎಂದೊಡನೆ ಭಾವ ಒಪ್ಪಿದರು. ಅಕ್ಕ ಅಂದೇ ಟೇಪು ಹಿಡಿದು ಕೋಣೆಯ ಅಳತೆ ತೆಗೆದಳು.

ಮಾರನೆಯ ದಿನ ನಾನು ಹೋದಾಗ ಭಾವ ನಿಂಬೆಹೋಳಿಗೆ ಉಪ್ಪು ಹಚ್ಚಿ ನಾಣ್ಯ ತಿಕ್ಕುತ್ತಿದ್ದರು.

"ನೋಡೋ, ಹೇಗೆ ಹೊಳೀತಿವೆ! ಬರೋರು ದಂಗಾಗಬೇಕು."

ನನ್ನದು ಲೋಹಕ್ಕೆ ಪಾಲಿಷ್ ಹಾಕುವ ಅಂಗಡಿ. ಹಳೆಯ ನಾಣ್ಯಕ್ಕೆ ಆ ಕಂದು ಪೊರೆಯೇ ಪ್ರಾಣ, ಅದನ್ನು ತಿಕ್ಕಿ ತೆಗೆದರೆ ಬಲ್ಲವರು ಮೂಸಿಯೂ ನೋಡುವುದಿಲ್ಲ ಎಂದು ಚೆನ್ನಾಗಿ ಗೊತ್ತಿತ್ತು. ಆಗ ತಿಕ್ಕಿದ್ದು ಒಂದೇ ಪೆಟ್ಟಿಗೆ. ಆದರೆ ನೆಂಟರೆದುರು ನನ್ನನ್ನು 'ಪಾತ್ರೆ ತಿಕ್ಕೋನು' ಎಂದು ಕರೆಯುವ ಮನುಷ್ಯನಿಗೆ ನಾನೇಕೆ ಬುದ್ಧಿ ಹೇಳಲಿ? ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು, "ಭೇಷ್ ಭಾವ" ಅಂದೆ. ವಾರವಿಡೀ ಹೋಗಿ ಹೋಗಿ ತಮಾಷೆ ನೋಡಿದೆ.

ಮ್ಯೂಸಿಯಂನ ಮೇಡಂ ಬಂದು ನಾಲ್ಕು ಪೆಟ್ಟಿಗೆ ತೆರೆದು ಮುಚ್ಚಿದರು. "ಅಯ್ಯೋ, ಎಲ್ಲಾ ತಿಕ್ಕಿಬಿಟ್ಟಿದ್ದೀರಲ್ಲ ಸಾರ್! ಇವನ್ನ ನಾವು ತಗೊಳ್ಳೋಕಾಗಲ್ಲ."

ಭಾವನ ಮುಖ ಇಂಗು ತಿಂದ ಮಂಗನಂತಾಯಿತು. ನನಗೆ ಹಾಲು ಕುಡಿದಷ್ಟು ಸಂತೋಷ. ಮೇಡಂ ಅತ್ತ ಹೋದದ್ದೇ ತಡ, "ಅವಳಿಗೇನು ಗೊತ್ತು? ಇವು ಇಲ್ಲೇ ಇರ್ತವೆ, ನಾನು ಸಾಯೋವರೆಗೂ ಇರ್ತವೆ" ಎಂದು ಭಾವ ಕೋಣೆಗೆ ಬೀಗ ಜಡಿದು ಹೊರಟುಹೋದರು.

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

"ನಿನಗೆ ಗೊತ್ತಿತ್ತು ಅಲ್ವೇನೋ?"

"ಅವರು ನನ್ನ ಮಾತು ಎಲ್ಲಿ ಕೇಳ್ತಿದ್ರಕ್ಕ?"

"ನನಗೆ ಹೇಳಬಹುದಿತ್ತು. ಅವರು ದಡ್ಡರು ಅಂತ ಮದುವೆಯಾದ ವಾರಕ್ಕೇ ಗೊತ್ತಾಯ್ತು. ನೀನು ಎಂಥವನು ಅಂತ ತಿಳಿಯೋಕೆ ಇಷ್ಟು ವರ್ಷ ಬೇಕಾಯ್ತು ನೋಡು."

ಮೆಟ್ಟಿಲ ಕೆಳಗೆ ಕೂತು ಸೂಜಿಗೆ ದಾರ ಪೋಣಿಸತೊಡಗಿದಳು. ಮೂರು ಸಲ ತಪ್ಪಿತು. ನಾನು ಕೈ ಚಾಚಿದೆ. ಅವಳು ಕೊಡಲಿಲ್ಲ.