ತುಂಬಿದ ಜೀಪಿನ ಕಮಾನು

ನನ್ನ ಅಣ್ಣ ಯಶವಂತನಷ್ಟು ದಾಕ್ಷಿಣ್ಯದ ಮನುಷ್ಯನನ್ನು ನಾನು ನೋಡಿಲ್ಲ, ನೋಡುವ ಆಸೆಯೂ ಇಲ್ಲ. ದಾರಿಯಲ್ಲಿ ನಿಂತವರು ಕೈ ಅಡ್ಡ ಹಾಕುವ ಮೊದಲೇ ಅವನ ಜೀಪು ನಿಂತುಬಿಡುತ್ತದೆ. ಹಿರೇಕೊಡಿಗೆಯಿಂದ ಒಳಗಿರುವ ನಮ್ಮ ಕೇರಿಗೆ ಬಸ್ಸಿಲ್ಲ. ಇರುವುದು ಒಂದೇ ಜೀಪು, ಅದು ನಮ್ಮದು. ಮುಂದೆ ಡ್ರೈವರ್ ಸೇರಿ ನಾಲ್ಕು ಜನ, ಹಿಂದೆ ಕೂತವರೆಷ್ಟೋ, ಜೋತವರೆಷ್ಟೋ. ಖಾಲಿ ಜೀಪು ಓಡಿಸಿದರೆ ಊರವರಿಗೆ ಅವಮಾನ ಮಾಡಿದ ಹಾಗೆ ಎಂಬುದು ಅಪ್ಪನ ಕಾಲದಿಂದ ನಮ್ಮ ಮನೆಯ ನಂಬಿಕೆ. ಆ ನಂಬಿಕೆಯ ಮೇಲೆ ನನಗೀಗ ಇರುವ ಸಿಟ್ಟನ್ನು ಯಾರ ಮುಂದೆ ಹೇಳಿಕೊಳ್ಳಲಿ?

ಸಂಕ್ರಾಂತಿ ಕಳೆದ ಮೇಲೆ ಅತ್ತಿಗೆಗೆ, ಅಂದರೆ ಅಣ್ಣನ ಹೆಂಡತಿ ಕಮಲಳಿಗೆ, ಎರಡೂ ಕಿಡ್ನಿ ಕೆಲಸ ಮಾಡುತ್ತಿಲ್ಲ ಎಂದು ಗೊತ್ತಾಯಿತು. ವಾರಕ್ಕೆ ಎರಡು ಸಲ ಕೊಪ್ಪದ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಒಂದು ಸಲ ತಪ್ಪಿದರೆ ಕಾಲು ಊದಿಕೊಳ್ಳುತ್ತದೆ, ಇನ್ನೊಂದು ಸಲ ತಪ್ಪಿದರೆ ಉಸಿರು ಕಟ್ಟುತ್ತದೆ. ಕೊಪ್ಪದಲ್ಲೇ ರೂಮು ಮಾಡೋಣ ಎಂದರೆ ಅತ್ತಿಗೆ ಒಪ್ಪಲಿಲ್ಲ. "ಸಾಯಾದಾದ್ರೆ ನನ್ ಒಲೆ ಹತ್ರ ಸಾಯ್ತೀನಿ, ಬಾಡಿಗೆ ಮನೇಲಿ ಬೇಡ" ಎಂದು ನಕ್ಕಳು. ಆ ಮಾತಿಗೆ ನಗುವುದು ಅತ್ತಿಗೆಗೆ ಮಾತ್ರ ಸಾಧ್ಯವಿತ್ತು.

ಬೇಸಿಗೆ ಹೇಗೋ ಕಳೆಯಿತು. ನಮ್ಮ ಕಷ್ಟ ಇರುವುದು ಮಳೆಗಾಲದಲ್ಲಿ. ಕೇರಿಯಿಂದ ಹೊರಗೆ ಬರಲು ಒಂದು ಜೇಡಿಮಣ್ಣಿನ ಏರು ದಾಟಬೇಕು. ಆರಿದ್ರಾ ಮಳೆ ಹಿಡಿದರೆ ಫೋರ್ ವೀಲ್ ಜೀಪೂ ಅಲ್ಲಿ ಎಮ್ಮೆಯ ಹಾಗೆ ಮಲಗುತ್ತದೆ. ಅದಕ್ಕೇ ಅಣ್ಣ ಶೃಂಗೇರಿಗೆ ಹೋಗಿ, ಕೆಸರಿನಲ್ಲಿ ಜೀಪು ಓಡಿಸುವ ಪಂದ್ಯಗಳ ಹುಚ್ಚಿದ್ದ ಉಜ್ವಲ್ ಎನ್ನುವವನಿಂದ ಒಂದು ವಿಂಚ್ ತಂದ. ಅದರ ತಂತಿ ಹಗ್ಗವನ್ನು ಮೇಲಿನ ಮರಕ್ಕೆ ಬಿಗಿದರೆ ಜೀಪು ತನ್ನನ್ನು ತಾನೇ ಎಳೆದುಕೊಂಡು ಏರುತ್ತದೆ. ವಿಂಚಿನ ಜೊತೆಗೆ ಅದನ್ನು ಕೂರಿಸಲು ಒಂದು ಕಬ್ಬಿಣದ ಬಂಪರೂ ಬಂತು. ನಾಲ್ಕು ಜನ ಸೇರಿ ಎತ್ತಬೇಕಾದ ಬಂಪರು.

ಅದನ್ನು ಕಟ್ಟಿದ ದಿನವೇ ಜೀಪಿನ ಮೂಗು ತಗ್ಗಿತು. ಸಣ್ಣ ಹೊಂಡಕ್ಕೂ ಅಚ್ಚು ಮೇಲಕ್ಕೆ ಬಡಿಯುತ್ತಿತ್ತು, ತಿರುಗಿಸಿದರೆ ಚಕ್ರ ಮಡ್‌ಗಾರ್ಡಿಗೆ ಉಜ್ಜುತ್ತಿತ್ತು. ಕೊಪ್ಪದಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ಅರುಣ ಕೆಳಗೆ ನುಗ್ಗಿ ನೋಡಿ, ಮುಂದಿನ ಕಮಾನು ಪಟ್ಟಿಗಳು, ಅಂದರೆ ಭಾರ ಹೊರುವ ಸ್ಪ್ರಿಂಗಿನ ಪಟ್ಟಿಗಳು, ಸೋತಿವೆ, ಈ ಭಾರಕ್ಕೆ ಬೇರೆ ಸೆಟ್ಟೇ ಬೇಕು ಎಂದ. ಮೂವರೂ ನರಸಿಂಹರಾಜಪುರಕ್ಕೆ ಹೋದೆವು. ಅಲ್ಲಿ ಕಮಾನು ಕಟ್ಟಿಕೊಡುವ ಅಂಗಡಿಯವರು ಕೇಳಿದ್ದು ಒಂದೇ ಪ್ರಶ್ನೆ, ಮುಂದುಗಡೆ ಯಾವಾಗಲೂ ಎಷ್ಟು ಭಾರ ಇರುತ್ತದೆ ಎಂದು.

"ವಿಂಚು, ಬಂಪರು" ಎಂದು ಅರುಣ ಶುರು ಮಾಡಿದ.

"ನಾಲ್ಕು ಜನನೂ ಹಾಕ್ಕಳಿ" ಎಂದ ಅಣ್ಣ. "ನಮ್ ಜೀಪಲ್ಲಿ ಮುಂದೆ ನಾಲ್ಕು ಜನಕ್ಕೆ ಕಮ್ಮಿ ಕೂರಾದೇ ಇಲ್ಲ."

"ಯಾವಾಗ್ಲೂ ಇರ್ತಾರ?" ಎಂದು ಅಂಗಡಿಯವರು ಮತ್ತೆ ಕೇಳಿದರು. "ಖಾಲಿ ಹೋದ್ರೆ ಎತ್ತಿ ಹಾಕ್ತದೆ ನೋಡಿ."

"ಖಾಲಿ ಎಂತಕ್ ಹೋಗ್ತದೆ ಮಾರಾಯ್ರೆ? ಜನ ಬಿಟ್ಟು ಹೋಗಕ್ಕಾಗ್ತದ?"

ಅಣ್ಣ ಅದನ್ನು ಹೆಮ್ಮೆಯಿಂದಲೇ ಹೇಳಿದ. ನಾನೂ ತಲೆ ಆಡಿಸಿದೆ, ಅರುಣನೂ ಆಡಿಸಿದ. ನಮ್ಮ ಕಡೆಯ ಯಾರನ್ನೇ ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು. ಜೀಪಿನ ತೂಕ ಎಂದರೆ ಜನ ಸೇರಿದ ತೂಕ, ನಮಗೆ ಬೇರೆ ಲೆಕ್ಕ ಗೊತ್ತಿಲ್ಲ. ಅವರು ಆ ಲೆಕ್ಕಕ್ಕೇ ದಪ್ಪ ಪಟ್ಟಿಗಳನ್ನು ಸೇರಿಸಿ ಸೆಟ್ ಕಟ್ಟಿದರು. ವಾಪಸು ಬರುವಾಗ ಬಸ್ಸು ತಪ್ಪಿಸಿಕೊಂಡಿದ್ದ ಒಂದು ಮದುವೆಯ ದಿಬ್ಬಣದವರು ಸಿಕ್ಕಿದರು, ಅಣ್ಣ ಎಲ್ಲರನ್ನೂ ತುಂಬಿಕೊಂಡ. ಜೀಪು ನೀರಿನ ಮೇಲೆ ಹೋದ ಹಾಗೆ ಹೋಯಿತು. ಹೊಂಡ ಬಂದದ್ದೂ ಗೊತ್ತಾಗಲಿಲ್ಲ. "ಇನ್ ಕಮಲಂಗೆ ತೊಂದ್ರೆ ಇಲ್ಲ" ಎಂದು ಅಣ್ಣ ದಾರಿಯುದ್ದಕ್ಕೂ ಹೇಳುತ್ತ ಬಂದ.

ಮುಂದಿನ ಡಯಾಲಿಸಿಸ್ ದಿನ ಅತ್ತಿಗೆಯನ್ನು ಮುಂದಿನ ಸೀಟಿನಲ್ಲಿ ದಿಂಬು ಇಟ್ಟು ಕೂರಿಸಿಕೊಂಡು ನಾನು ಹೊರಟೆ. ಹಿಂದಿನ ಸೀಟಿನಲ್ಲಿ ಅಡ್ಡ ಕೂರಲು ಅವಳಿಗೆ ಆಗುತ್ತಿರಲಿಲ್ಲ. ವಿಂಚು ಚೆನ್ನಾಗಿಯೇ ಎಳೆಯಿತು, ಏರು ಹತ್ತಿದೆವು. ಮೋರಿಯ ಹತ್ತಿರ ನಮ್ಮ ಕೇರಿಯ ಹಿರಿಯ ನಾಗಪ್ಪಣ್ಣ ಮತ್ತು ಇನ್ನಿಬ್ಬರು ಕೊಡೆ ಹಿಡಿದು ನಿಂತಿದ್ದರು. ನಾನು ನಿಲ್ಲಿಸಿದೆ. ನಾಗಪ್ಪಣ್ಣ ಒಳಗೆ ಬಗ್ಗಿ ನೋಡಿ ಹಿಂದೆ ಸರಿದರು.

"ಇಲ್ಲ ನವೀನ, ನೀವು ಹೋಗಿ. ಪೇಷಂಟ್ ಇದಾರೆ, ಆರಾಮಾಗಿ ಕಾಲು ಚಾಚ್ಕಂಡು ಹೋಗ್ಲಿ. ನಾವು ಹಿರೇಕೊಡಿಗೆವರ್ಗೆ ನಡ್ಕಂಡು ಹೋಗ್ತೀವಿ."

ಎಂಥ ಒಳ್ಳೆಯ ಜನ ಎಂದುಕೊಂಡೆ. ಮುಂದಿನ ಹೊಂಡಕ್ಕೆ ಜೀಪು ಎತ್ತಿ ಹಾಕಿತು. ಎತ್ತಿ ಹಾಕಿತು ಎಂದರೆ ಸಣ್ಣ ಮಾತಾಯಿತು, ಅತ್ತಿಗೆ ಸೀಟಿನಿಂದ ಎದ್ದು ಬಿದ್ದಳು. ಅವಳ ಬಾಯಿಂದ ಬಂದ ಸದ್ದು ನನಗೆ ಈಗಲೂ ಕೇಳುತ್ತದೆ. ಕಾಯಿಲೆಯಿಂದ ಅವಳ ಮೂಳೆಗಳಲ್ಲಿ ಹುರುಳೇ ಉಳಿದಿರಲಿಲ್ಲ. ಸೂಜಿ ಚುಚ್ಚುವ ಎಡಗೈಯನ್ನು ಎದೆಗೆ ಅವುಚಿಕೊಂಡು, ಬಲಗೈಯಲ್ಲಿ ಸರಳು ಹಿಡಿದು, ಕೊಪ್ಪದವರೆಗೂ ಕಣ್ಣು ಮುಚ್ಚಿಕೊಂಡೇ ಕೂತಳು. ಬರುವಾಗ ವಾಂತಿ.

ಖಾಲಿ ಜೀಪು ಹೇಗಿರುತ್ತದೆ ಎಂದು ನಮಗೆ ಆವತ್ತು ತಿಳಿಯಿತು.

ಅಣ್ಣ ಮರುದಿನವೇ ಅರುಣನ ಹತ್ತಿರ ಓಡಿ ಮುಂದಿನಿಂದ ಒಂದೊಂದು ಪಟ್ಟಿ ತೆಗೆಸಿದ. ಈಗ ಜೀಪು ಮೆತ್ತಗಾಯಿತು, ಮೂಗು ಮತ್ತೆ ತಗ್ಗಿತು. ಏರಿನ ಬುಡದಲ್ಲಿ ನೀರು ಕೊರೆದ ಕಾಲುವೆಗೆ ಆ ಹಾಳು ಬಂಪರು ಗುದ್ದಲಿಯ ಹಾಗೆ ಕಚ್ಚಿಕೊಂಡಿತು. ಬಿಡಿಸಿಕೊಂಡು ಕೊಪ್ಪ ಮುಟ್ಟುವಷ್ಟರಲ್ಲಿ ಅತ್ತಿಗೆಯ ಮೆಷಿನ್ನಿನಲ್ಲಿ ಬೇರೆಯವರು ಮಲಗಿದ್ದರು. ನಾಳೆ ಬನ್ನಿ ಎಂದರು. ರಾತ್ರಿಯೆಲ್ಲ ಅತ್ತಿಗೆ ಮಲಗಲಾಗದೆ, ಗೋಡೆಗೆ ಒರಗಿ ಕೂತು ಉಸಿರೆಳೆದಳು. ಬೆಳಗ್ಗೆ ಅವಳೇ ಅಣ್ಣನನ್ನು ಕರೆದಳು.

"ಪಟ್ಟಿ ವಾಪಸ್ ಹಾಕ್ಸಿ. ನೋವಾದ್ರೆ ಆಗ್ಲಿ, ತಲುಪಿದ್ರೆ ಸಾಕು."

ಅಣ್ಣ ಹಾಕಿಸಿದ. ಅವನು ಅತ್ತದ್ದನ್ನು ನಾನು ಮೊದಲು ನೋಡಿದ್ದು ಅರುಣನ ಗ್ಯಾರೇಜಿನಲ್ಲೇ, ಜೀಪಿನ ಆಚೆ ಬದಿಗೆ ಹೋಗಿ, ಟಯರು ನೋಡುವವನ ಹಾಗೆ ಕುಕ್ಕರುಗಾಲಿನಲ್ಲಿ ಕೂತು. ವಿಂಚು ಬಿಚ್ಚುವ ಹಾಗಿಲ್ಲ, ಏರು ಹತ್ತುವುದಿಲ್ಲ. ಬಿಚ್ಚಿದರೆ ಮುಂಭಾಗ ಇನ್ನೂ ಹಗುರಾಗಿ ಇನ್ನೂ ಜೋರಾಗಿ ಎತ್ತಿ ಹಾಕುತ್ತದೆ. ದೀಪಾವಳಿ ಕಳೆದು ಮಣ್ಣು ಒಣಗಿದ ಮೇಲೆ ವಿಂಚು, ಬಂಪರು ಎರಡನ್ನೂ ಇಳಿಸಿ ಹಳೆಯ ಕಮಾನನ್ನೇ ಹಾಕೋಣ ಎಂದು ಅರುಣ ಸಮಾಧಾನ ಹೇಳಿದ. ಹಳೆಯ ಸೆಟ್ಟನ್ನು ನಾವು ಕೊಟ್ಟಿಗೆಯಲ್ಲಿ ಎಣ್ಣೆ ಹಚ್ಚಿ ಇಟ್ಟೆವು.

ಮರಳಿನ ಮೂಟೆಯನ್ನೂ ಮಾಡಿ ನೋಡಿದೆವು. ಬಂಪರಿನ ಮೇಲೆ ಕಟ್ಟಿದರೆ ಮೂಗು ದೋಣಿಯ ಹಾಗೆ ಏಳುತ್ತ ಬೀಳುತ್ತ ಅತ್ತಿಗೆಗೆ ಕೊಪ್ಪ ಮುಟ್ಟುವ ಮೊದಲೇ ವಾಂತಿ. ಸೀಟಿನ ಮೇಲೆ ಇಟ್ಟರೆ ಪ್ರತಿ ತಿರುವಿನಲ್ಲೂ ಅವಳ ಮೈಮೇಲೆ ಒರಗುತ್ತಿತ್ತು. ಮನುಷ್ಯರಾದರೆ ಸರಳು ಹಿಡಿದು ಕೂರುತ್ತಾರೆ. ನಮಗೆ ಬೇಕಾದದ್ದು ಮನುಷ್ಯರು, ಮೊದಲೆಲ್ಲ ಬೇಡವೆಂದರೂ ಹತ್ತುತ್ತಿದ್ದರಲ್ಲ, ಆ ಮನುಷ್ಯರೇ. ಪೇಷಂಟ್ ಇರುವ ಜೀಪಿಗೆ ಈಗ ಕೇರಿಯವರು ಯಾರೂ ಹತ್ತುತ್ತಿರಲಿಲ್ಲ.

"ಜನನ್ನ ಕರಿಯಣ ಅಣ್ಣ, ಎಲ್ರನ್ನೂ ಹತ್ತಿ ಅಂತ ಹೇಳಣ" ಎಂದೆ ಅಣ್ಣನಿಗೆ.

"ನಮ್ ಕೆಲ್ಸಕ್ಕೆ ಜನನ್ನ ಮೂಟೆ ಹಂಗೆ ತುಂಬ್ಕಂಡು ಹೋಗಾದ? ಎಂತ ಮಾತು ಅಂತ ಆಡ್ತೀಯ? ವಾರಕ್ಕೆ ಎರಡು ದಿನ ಕೆಲ್ಸ ಬಿಟ್ಟು ಬರಾಕೆ ಅವ್ರಿಗೆ ಬೇರೆ ಬದುಕಿಲ್ವ?"

"ಕೇಳಿದ್ರೆ ಬತ್ತಾರೆ."

"ಬತ್ತಾರೆ. ಅದ್ಕೇ ಕೇಳಬಾರದು."

ಇದು ನನ್ನ ಅಣ್ಣ. ಊರಿಗೆಲ್ಲ ಉಪಕಾರ ಮಾಡುತ್ತಾನೆ, ಊರಿನಿಂದ ಒಂದು ಕಡ್ಡಿ ಕೇಳಲಾರ. ಅತ್ತಿಗೆಯೂ ಅವನಿಗೆ ತಕ್ಕವಳೇ. "ನಾನು ವಾಂತಿ ಮಾಡ್ಕಳಾದನ್ನ ನಾಗಪ್ಪಣ್ಣ ಕೂತು ನೋಡ್ಬೇಕಾ ನವೀನ? ಬೇಡ" ಎಂದಳು. ಇಬ್ಬರ ಮೇಲೂ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಂದು ದಿನ ಅವರ ಮಾತು ಮೀರಿ ಮೋರಿಯ ಹತ್ತಿರ ಜೀಪು ನಿಲ್ಲಿಸಿ, "ಹತ್ತಿ ನಾಗಪ್ಪಣ್ಣ, ನಿಮ್ ತೂಕ ಬೇಕಾಗಿದೆ" ಎಂದೆ. ಅವರು ತಮ್ಮ ಹೊಟ್ಟೆಯನ್ನು ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡರು. ಹೊಟ್ಟೆ ಸವರಿಕೊಂಡು ನಕ್ಕು, "ಹೋಗಾ ಮಾರಾಯ, ಅವ್ರನ್ನ ಹುಷಾರಾಗಿ ಕರ್ಕಂಡು ಹೋಗು" ಎಂದು ಜೀಪಿನ ಬಾಗಿಲನ್ನು ತಾವೇ ಹಾಕಿದರು. ಬಿಡಿಸಿ ಹೇಳೋಣ ಎಂದು ಬಾಯಿ ತೆರೆದೆ. ಪಕ್ಕದಲ್ಲಿ ಅತ್ತಿಗೆ ನನ್ನ ಅಂಗಿಯ ತೋಳು ಹಿಡಿದು ಜಗ್ಗಿದಳು. ಗೇರು ಹಾಕಿದೆ.

ಅಣ್ಣನೂ ನಾನೂ ಇಬ್ಬರೂ ಅವಳ ಎರಡು ಬದಿ ಕೂತು ಹೋದ ದಿನ ಸ್ವಲ್ಪ ವಾಸಿ. ಆದರೂ ಆ ಕಮಾನಿಗೆ ನಾವಿಬ್ಬರು ಯಾವ ಲೆಕ್ಕ? ಆಶ್ಲೇಷಾ ಮಳೆಯ ಹೊತ್ತಿಗೆ ಹಿರೇಕೊಡಿಗೆಯ ಆಚೆಯ ತಾರೂ ಕಿತ್ತುಹೋಯಿತು. ನಿಧಾನ ಹೋದರೆ ಹೊತ್ತು ಮೀರುತ್ತದೆ, ಬೇಗ ಹೋದರೆ ಅವಳಿಗೆ ಪ್ರಾಣ ಹೋಗುತ್ತದೆ. ಹೊಂಡ ಕಂಡಾಗಲೆಲ್ಲ ನನ್ನ ಎಡಗೈ ತಾನಾಗಿ ಸ್ಟೇರಿಂಗ್ ಬಿಟ್ಟು ಅವಳ ಭುಜ ಹಿಡಿಯುವುದು ಅಭ್ಯಾಸವಾಯಿತು.

ಮೊದಲ ಸಲ ಅವಳು ಬೇಡ ಎಂದದ್ದು ಒಂದು ಸೋಮವಾರ. "ಇವತ್ತು ಮೈಯೆಲ್ಲ ನೋವು, ನಾಳೆ ಹೋಗಣ" ಎಂದಳು. ಆಸ್ಪತ್ರೆಯವರನ್ನು ಕಾಡಿ ಬೇಡಿ ಮರುದಿನಕ್ಕೆ ಜಾಗ ಮಾಡಿಸಿದೆ. ಆಮೇಲೆ ಬೇಡ ಎನ್ನುವುದು ಹೆಚ್ಚಾಯಿತು. ಅವಳಿಗೆ ಸೂಜಿಯ ಭಯವಿರಲಿಲ್ಲ, ಸಾವಿನ ಭಯವೂ ಅಷ್ಟಿರಲಿಲ್ಲ. ಜೀಪು ಸ್ಟಾರ್ಟ್ ಆದ ಸದ್ದಿಗೆ ಅವಳ ಮುಖ ಬಿಳಿಚಿಕೊಳ್ಳುತ್ತಿತ್ತು. ಅಣ್ಣ ಅದನ್ನು ನೋಡುತ್ತಿದ್ದ. ಒತ್ತಾಯ ಮಾಡುವುದು ಅವನಿಗೆ ಹೆಂಡತಿಯ ಹತ್ತಿರವೂ ಬರುತ್ತಿರಲಿಲ್ಲ. ನಾನು ಕೂಗಾಡಿದೆ. "ನಿನ್ ಅಣ್ಣನ್ನ ಬೈಬೇಡ" ಎಂದಷ್ಟೇ ಅತ್ತಿಗೆ ಹೇಳಿದಳು.

ಚೌತಿಯ ಹಿಂದಿನ ದಿನ ಅವಳ ಉಸಿರು ಕೆಟ್ಟಿತು. ಹೊತ್ತುಕೊಂಡೇ ಜೀಪಿಗೆ ಹಾಕಿದೆವು. ಆವತ್ತು ಹೊಂಡಗಳಿಗೆ ಅವಳು ಸದ್ದು ಮಾಡಲಿಲ್ಲ, ನನಗೆ ಅದೇ ಹೆದರಿಕೆಯಾಯಿತು. ಕೊಪ್ಪದಲ್ಲಿ ಮೆಷಿನ್ ಖಾಲಿ ಇತ್ತು, ಡಾಕ್ಟರೂ ಇದ್ದರು. ಸೂಜಿ ಹಾಕುವ ಮೊದಲೇ ಮುಗಿಯಿತು.

ಸುದ್ದಿ ಹೋದದ್ದೇ ತಡ, ಕೇರಿಯ ಗಂಡಸರೆಲ್ಲ ಹಿರೇಕೊಡಿಗೆವರೆಗೆ ನಡೆದು, ಬಸ್ಸು ಹಿಡಿದು ಕೊಪ್ಪಕ್ಕೆ ಬಂದರು. ಯಾರೂ ಕರೆಯಲಿಲ್ಲ, ಯಾರನ್ನೂ ಕೇಳಬೇಕಾಗಲಿಲ್ಲ. ಹಬ್ಬದ ಕೆಲಸವನ್ನೆಲ್ಲ ಬಿಟ್ಟು ಬಂದಿದ್ದರು. ಅತ್ತಿಗೆಯನ್ನು ಹಿಂದೆ ಮಲಗಿಸಿ, ತಲೆಯನ್ನು ಅಣ್ಣ ತೊಡೆಯ ಮೇಲೆ ಇಟ್ಟುಕೊಂಡು ಕೂತ. ಎರಡೂ ಬದಿಗೆ ಜನ, ಬಾಗಿಲಿಗೆ ಜನ. ಮುಂದೆ ನನ್ನ ಪಕ್ಕ ನಾಗಪ್ಪಣ್ಣ, ಅವರ ಆಚೆ ಇನ್ನಿಬ್ಬರು ಒತ್ತಿಕೊಂಡು ಕೂತರು.

ಹಿರೇಕೊಡಿಗೆಗಿಂತ ಮೊದಲು ಬರುವ ದೊಡ್ಡ ಹೊಂಡ ಕಂಡಿತು. ನನ್ನ ಎಡಗೈ ಸ್ಟೇರಿಂಗ್ ಬಿಟ್ಟು ಪಕ್ಕಕ್ಕೆ ಹೋಗಿ ನಾಗಪ್ಪಣ್ಣನ ಭುಜ ಹಿಡಿಯಿತು. ಜೀಪು ಮೆಲ್ಲಗೆ ಇಳಿದು ಮೆಲ್ಲಗೆ ಹತ್ತಿತು.

"ನವೀನ, ದೊಡ್ ಹೊಂಡ ಬಂತನ?" ಎಂದು ಹಿಂದಿನಿಂದ ಅಣ್ಣ ಕೇಳಿದ. ಅವನು ಎರಡೂ ಕೈಯಿಂದ ಅತ್ತಿಗೆಯ ತಲೆಯನ್ನು ಹಿಡಿದುಕೊಂಡು ಕಾಯುತ್ತಿದ್ದನೆಂದು ಕನ್ನಡಿಯಲ್ಲಿ ಕಂಡಿತು.

"ದಾಟಿದ್ವಿ ಅಣ್ಣ."

ಏರು ಇಳಿದೆವು. ಕೇರಿಯ ಮೊದಲ ಮನೆ ಕಂಡಾಗ ನಾಗಪ್ಪಣ್ಣ ಟವೆಲಿನಿಂದ ಕಣ್ಣು ಒರೆಸಿಕೊಂಡು, ನನಗೆ ಮಾತ್ರ ಕೇಳುವ ಹಾಗೆ ಹೇಳಿದರು.

"ಜೀಪು ಎಷ್ಟು ಮೆತ್ತಗೆ ಹೋಗ್ತದೆ ಮಾರಾಯ. ಪಾಪ, ಕಮಲಂಗೆ ಅದೊಂದು ಸುಖನಾದ್ರೂ ಇತ್ತು."